ದೊಡ್ಡಾಟ ಬಲ್ಲವರಿಗೆ ವರ್ಜೀನಿಯಾ ವುಲ್ಫ್

ಇಂಗ್ಲಿಷ್ ಲೇಖಕಿ ವರ್ಜೀನಿಯಾ ವುಲ್ಫ್ ಬರೆದ ‘ಬಿಟ್ವೀನ್ ದಿ ಆಕ್ಟ್ಸ್’ ಕಾದಂಬರಿ ಅಚ್ಚಾದದ್ದು 1941ರ ಜುಲೈನಲ್ಲಿ, ಅವಳು ತೀರಿಕೊಂಡ ಮೇಲೆ. ಇದರಲ್ಲಿ ಏನೂ ನಡೆಯೋದಿಲ್ಲ ಅನ್ನೋ ದೂರು ಇದ್ದದ್ದೇ. ಬಳ್ಳಾರಿ, ಕೊಪ್ಪಳದ ಕಡೆ ದೊಡ್ಡಾಟ ಎಂಬ ರಾತ್ರಿಯ ಬಯಲಾಟಕ್ಕೆ ಅಟ್ಟ (ರಂಗಮಂಚ) ಕಟ್ಟಿದವರು, ಹಿಮ್ಮೇಳದಲ್ಲಿ ಕೂತವರು ಈ ಮಾತು ಒಪ್ಪಲಿಕ್ಕಿಲ್ಲ. ಆಟ ಎಲ್ಲಿ ಸಡಿಲಾಗುತ್ತದೆ, ಮಂದಿ ಯಾವಾಗ ಕೈತಪ್ಪುತ್ತಾರೆ ಅನ್ನೋದೇ ಇಲ್ಲಿಯ ಕಥೆ.

1939ರ ಜೂನ್‌ನ ಒಂದು ದಿನ. ಪಾಯಿಂಟ್ಜ್ ಹಾಲ್ ಎಂಬ ಮನೆಯ ಹುಲ್ಲುಹಾಸಿನ ಮೇಲೆ ಊರವರೇ ಇಂಗ್ಲೆಂಡಿನ ಚರಿತ್ರೆ ಆಡುತ್ತಾರೆ. ಚರ್ಚಿಗೆ ಕರೆಂಟ್ ದೀಪ ಹಾಕಿಸಲು ದುಡ್ಡು ಬೇಕಾಗಿದೆ. ತಂಬಾಕು ಮಾರುವ ಎಲೈಜಾ ಕ್ಲಾರ್ಕ್ ಎಲಿಜಬೆತ್ ರಾಣಿ, ಹೆಂಡದಂಗಡಿಯ ಬಡ್ಜ್ ವಿಕ್ಟೋರಿಯಾ ಕಾಲದ ಪೊಲೀಸ್. ಆಡಿಸುವ ಮಿಸ್ ಲಾ ಟ್ರೋಬ್ ಮರದ ಮರೆಯಲ್ಲಿ, ಗ್ರಾಮಫೋನ್ ಪೊದೆಯಲ್ಲಿ.

ಮೊದಲು ಕೆಡುವುದು ದನಿ. ಹಳ್ಳಿಗರು ಮರಗಳ ನಡುವೆ ಹಾಡುತ್ತ ಹಾಯುವಾಗ ಅರ್ಧ ಮಾತು ಗಾಳಿಪಾಲು. ನಮ್ಮ ಆಟದಲ್ಲಿ ಇದಕ್ಕೆ ಪರಿಹಾರ ಕಟ್ಟಿನಲ್ಲೇ ಇದೆ. ಪಾತ್ರದ ಸಾಲನ್ನು ಹಿಮ್ಮೇಳ ಎತ್ತಿ ಹಾಡುವುದರಿಂದ ಮೊದಲ ಸಲ ತಪ್ಪಿದ್ದು ಎರಡನೇ ಸಲ ಕಿವಿಗೆ ಬೀಳುತ್ತದೆ. ಬಂದ ಪಾತ್ರ ಯಾರು, ಯಾಕೆ ಬಂತು ಅನ್ನೋದನ್ನು ಆಟ ನಡೆಸುವ ಸಾರಥಿಯೇ ಕೇಳಿ ಬಾಯಿಬಿಡಿಸುತ್ತಾನೆ. ಒಳಗೆ ವೇಷ ತಡವಾದರೆ ಹಾಸ್ಯ ಎಳೆಯುವವನೂ ಅವನೇ. ಲಾ ಟ್ರೋಬ್‌ಗೆ ಸಾರಥಿಯಿಲ್ಲ. ಮಾತು ಕೇಳದೆ ಅಟ್ಟ ಬರಿದಾದಾಗ ಅವಳು ಇದು ಸಾವು ಅಂದುಕೊಳ್ಳುತ್ತಾಳೆ. ಆ ಹೊತ್ತಿಗೆ ಕರು ಕಳಕೊಂಡ ಹಸುವೊಂದು ಕೂಗಿ, ಉಳಿದ ಹಸುಗಳೂ ದನಿಗೂಡಿಸಿ ಆಟ ಉಳಿಸುತ್ತವೆ. ಇದನ್ನು ಬರೀ ಸಂಕೇತವಾಗಿ ಓದುವವರು ಬಯಲಲ್ಲಿ ಆಟ ಆಡಿಸಿರಲಿಕ್ಕಿಲ್ಲ.

ಚರಿತ್ರೆಯ ಆಟ ವರ್ತಮಾನಕ್ಕೆ ಬಂದಾಗ ಲಾ ಟ್ರೋಬ್ ಬೇಕೆಂದೇ ಹತ್ತು ನಿಮಿಷ ಅಟ್ಟ ಖಾಲಿ ಬಿಡುತ್ತಾಳೆ. ಮಂದಿ ಚಡಪಡಿಸುತ್ತಾರೆ, ವಾಸ್ತವ ಹೆಚ್ಚಾಯಿತೆಂದು ಅವಳೇ ಕಂಗೆಡುತ್ತಾಳೆ. ದಿಢೀರನೆ ಮಳೆ ಬಿದ್ದು ಪಾರಾಗುತ್ತಾಳೆ.

ಆಮೇಲೆ ಕನ್ನಡಿಗಳು. ಕೈಗನ್ನಡಿ, ತಗಡಿನ ಡಬ್ಬಿ, ಒಡೆದ ಚೂರು ಹಿಡಿದು ಪಾತ್ರಧಾರಿಗಳು ಪ್ರೇಕ್ಷಕರ ಮುಂದೆ ಕುಣಿಯುತ್ತಾರೆ. ಒಬ್ಬರಿಗೆ ಮೂಗು, ಇನ್ನೊಬ್ಬರಿಗೆ ಲಂಗ, ಮತ್ತೊಬ್ಬರಿಗೆ ಪ್ಯಾಂಟಷ್ಟೇ ಕಾಣುತ್ತದೆ. ಲೆಕ್ಕವೂ ಸರಿಯೇ: ಅರ್ಧ ಅಡಿ ಅಗಲದ ಕನ್ನಡಿ ಎಷ್ಟು ದೂರವಿದ್ದರೂ, ನೋಡುವವನಿಗೆ ತಾನು ಕೂತ ಸಾಲಿನ ಒಂದೇ ಅಡಿ ಅಗಲ ತೋರಿಸುತ್ತದೆ. ನಿಲುಗನ್ನಡಿ ಹೊತ್ತ ಹುಡುಗ ಭಾರ ತಾಳದೆ ನಿಂತಾಗ ಉಳಿದವರೂ ನಿಲ್ಲುತ್ತಾರೆ, ಮಂದಿ ಸಿಕ್ಕಿಬೀಳುತ್ತಾರೆ. ಎಲ್ಲರೂ ಮುಖ ಮರೆಸುವಾಗ ಮಿಸೆಸ್ ಮಾನ್ರೆಸಾ ಒಬ್ಬಳೇ ಆ ಕನ್ನಡಿ ನೋಡಿ ಮೂಗಿಗೆ ಪೌಡರ್ ಹಚ್ಚಿಕೊಳ್ಳುತ್ತಾಳೆ. ಕಾದಂಬರಿಯಲ್ಲಿ ಇವಳಷ್ಟು ಧೈರ್ಯದ ಪ್ರೇಕ್ಷಕಿ ಮತ್ತೊಬ್ಬಳಿಲ್ಲ.

ಈ ದೃಶ್ಯವನ್ನು ನಮ್ಮ ಕಡೆ ಆಡುವವರು ರಾತ್ರಿಯ ಆಸೆ ಬಿಡಬೇಕು. ಫೋಕಸ್ ಲೈಟು ಅಟ್ಟದ ಮೇಲಿರುತ್ತದೆ, ಮಂದಿ ಕತ್ತಲಲ್ಲಿ; ಕನ್ನಡಿಯಲ್ಲಿ ಕಾಣುವುದೂ ಕತ್ತಲೇ. ಸಂಜೆ ಬಿಸಿಲು ಬೇಕು. ಸೂರ್ಯ ಪ್ರೇಕ್ಷಕರ ಬೆನ್ನಿಗಿದ್ದರೆ ಕನ್ನಡಿ ಕಣ್ಣು ಕುಕ್ಕುತ್ತದೆ, ಮುಖ ಕಪ್ಪಾಗುತ್ತದೆ. ಎದುರಿಗಿದ್ದರೆ ಪಾತ್ರಗಳೇ ಕಾಣವು. ಉತ್ತರಕ್ಕೆ ಮುಖ ಮಾಡಿ ಕೂಡಿಸಿದರೆ ಬೆಳಕು ಎಡಗೆನ್ನೆಗೆ ಬೀಳುತ್ತದೆ, ಅಷ್ಟು ಸಾಕು. ಜೂನ್ ಬೇಡ, ನಮ್ಮಲ್ಲಿ ಆಗಿನ ಗಾಳಿಗೆ ಪರದೆಯೂ ನಿಲ್ಲೋದಿಲ್ಲ. ಡಿಸೆಂಬರ್ ವಾಸಿ. ಚೂರುಗಳ ಅಂಚಿಗೆ ದಪ್ಪ ಟೇಪು ಸುತ್ತಲೇಬೇಕು.

ಕೊನೆಗೆ ಪಾದ್ರಿ ಸ್ಟ್ರೀಟ್‌ಫೀಲ್ಡ್ ಎದ್ದು ಆಟದ ಅರ್ಥ ಹೇಳುತ್ತಾನೆ, ಕೂಡಿದ ದುಡ್ಡು 36 ಪೌಂಡ್ 10 ಶಿಲಿಂಗ್ 8 ಪೆನ್ಸ್ ಅನ್ನುತ್ತಾನೆ. ಅಷ್ಟರಲ್ಲಿ ಹನ್ನೆರಡು ಯುದ್ಧವಿಮಾನ ಸಾಲಾಗಿ ಹಾದು ಅವನ ಮಾತನ್ನು ನಡುವೆಯೇ ತುಂಡರಿಸುತ್ತವೆ. ನಮ್ಮಲ್ಲಿ ಕಾಣಿಕೆ ಕೊಟ್ಟವರ ಹೆಸರನ್ನು ಯುದ್ಧದ ದೃಶ್ಯ ನಿಲ್ಲಿಸಿ ಮೈಕಿನಲ್ಲಿ ಕೂಗುತ್ತಾರೆ. ಅಲ್ಲಿ ಯುದ್ಧವೇ ಕಾಣಿಕೆಯ ಲೆಕ್ಕವನ್ನು ನಿಲ್ಲಿಸಿತು. ಕೃತಜ್ಞತೆ ಹೇಳಲು ಹುಡುಕಿದರೆ ಲಾ ಟ್ರೋಬ್ ಸಿಗುವುದಿಲ್ಲ. ಮಂಗಳ ಹಾಡುವವರಿಲ್ಲದ ಕಾರಣ ಆಟ ಮುಗಿಯಿತೋ ಇಲ್ಲವೋ ಯಾರಿಗೂ ತಿಳಿಯದು. ಪೊದೆಯ ಗ್ರಾಮಫೋನ್ ಬ್ರಿಟನ್ನಿನ ರಾಷ್ಟ್ರಗೀತೆ ‘ಗಾಡ್ ಸೇವ್ ದಿ ಕಿಂಗ್’ ಹಾಕಿದ ಮೇಲೆಯೇ ಮಂದಿ ಎದ್ದು ನಿಲ್ಲುವುದು.