ಯಹೂದಿ ದ್ವೇಷ ಹಿಟ್ಲರ್ ಜೊತೆಗೇ ಮುಗಿದ ಕಥೆ ಅಲ್ವಾ?

ಹಾಸನಕ್ಕೆ ಹೋದಾಗಲೆಲ್ಲ ದೊಡ್ಡಪ್ಪ ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. "ಅಲ್ಲ ಕಣಪ್ಪಾ, ಯಹೂದಿಗಳನ್ನ ದ್ವೇಷ ಮಾಡೋದೆಲ್ಲಾ ಹಿಟ್ಲರ್ ಜೊತೆಗೇ ಮುಗೀತು ಅಂದ್ಕೊಂಡಿದ್ವಿ. ಪೇಪರಲ್ಲಿ ಮತ್ತೆ ಬರ್ತಾ ಇದೆಯಲ್ಲ? ಅಷ್ಟೊಂದು ಕಾನೂನು ಇಟ್ಕೊಂಡು ನಿಮ್ಮ ಜರ್ಮನಿ ಸರ್ಕಾರ ಏನ್ ಮಾಡ್ತಿದೆ?" ಹಳೆಯ ಗೆಳೆಯರೂ ಇದನ್ನೇ ಕೇಳುತ್ತಾರೆ. ನಾನಿರುವ ಜರ್ಮನಿಯ ಲೈಪ್‌ಜಿಗ್‌ಗೆ ಓದಲು ಬರುವ ನಮ್ಮ ಹುಡುಗರೂ ಕೇಳುತ್ತಾರೆ. ಎಲೆ ಮುಂದೆ ಕೂತು ಎರಡು ಮಾತಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಒಂದು ಬಾಗಿಲಿನ ಕಥೆ.

ನಮ್ಮೂರಿಂದ ಹಾಲೆ ಎಂಬ ಊರಿಗೆ ಲೋಕಲ್ ರೈಲಿನಲ್ಲಿ ಅರ್ಧ ಗಂಟೆ ಚಿಲ್ಲರೆ. 2019ರ ಅಕ್ಟೋಬರ್ 9ರಂದು ಅಲ್ಲಿನ ಸಿನಗಾಗಿನಲ್ಲಿ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರದಲ್ಲಿ, ಐವತ್ತಕ್ಕೂ ಹೆಚ್ಚು ಜನ ಸೇರಿದ್ದರು. ಅವತ್ತು ಯೋಮ್ ಕಿಪ್ಪುರ್. ಇಡೀ ದಿನ ಉಪವಾಸವಿದ್ದು ಪ್ರಾರ್ಥನೆ ಮಾಡುವ, ಯಹೂದಿಗಳಿಗೆ ವರ್ಷದಲ್ಲೇ ದೊಡ್ಡ ದಿನ. ಹೊರಗೆ ಒಬ್ಬ ಪೊಲೀಸಿನವನೂ ಕಾವಲಿಗೆ ಇರಲಿಲ್ಲ. ಮನೆಯಲ್ಲೇ ಮಾಡಿದ ಬಂದೂಕು, ಸ್ಫೋಟಕ ಹಿಡಿದು ಒಬ್ಬ ಬಂದ. ಬಾಗಿಲಿಗೆ ಗುಂಡು ಹೊಡೆದ. ಒಳಗಿದ್ದವರು ಅದನ್ನು ಕ್ಯಾಮೆರಾದ ಪರದೆಯಲ್ಲಿ ನೋಡುತ್ತಿದ್ದರು. ಸಿಕ್ಕ ಸಾಮಾನನ್ನೆಲ್ಲಾ ಬಾಗಿಲಿಗೆ ಅಡ್ಡ ಇಟ್ಟರು. ಬಾಗಿಲು ಮುರಿಯಲಿಲ್ಲ. ಅವನು ಆ ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಹೆಂಗಸನ್ನು ಕೊಂದ. ಆಮೇಲೆ ಹತ್ತಿರದ ಕಬಾಬ್ ಅಂಗಡಿಗೆ ನುಗ್ಗಿ ಊಟಕ್ಕೆ ಬಂದಿದ್ದ 20 ವರ್ಷದ ಹುಡುಗನನ್ನು ಕೊಂದ. ಇಷ್ಟನ್ನೂ ಇಂಟರ್‌ನೆಟ್‌ನಲ್ಲಿ ಲೈವ್ ತೋರಿಸಿದ.

ಆ ಬಾಗಿಲನ್ನು ಈಗ ಸಿನಗಾಗಿನ ಅಂಗಳದಲ್ಲಿ ನೆನಪಿಗಾಗಿ ನಿಲ್ಲಿಸಿದ್ದಾರೆ. ನಾನು ನೋಡಿದ್ದೇನೆ. ಗುಂಡು ಹೊಕ್ಕ ಕಡೆಯೆಲ್ಲ ಮರ ಸೀಳಿ ಒಳಗಿನ ತಿಳಿಬಣ್ಣ ಕಾಣುತ್ತದೆ. ಅದರ ಮುಂದೆ ನಿಂತಾಗ ನನಗೆ ಬಂದದ್ದು ಒಂದೇ ಯೋಚನೆ. ಅಷ್ಟು ಜನರ ಜೀವ ಅವತ್ತು ಉಳಿದದ್ದು ಒಬ್ಬ ಬಡಗಿ ಕೆಲಸ ಸರಿಯಾಗಿ ಮಾಡಿದ್ದರಿಂದ.

ಹಾಗಾದರೆ ಕಾನೂನು? ಕಾನೂನು ಇದೆ, ಬೇಕಾದಷ್ಟಿದೆ. ಯಹೂದಿಗಳ ನರಮೇಧ ನಡೆದೇ ಇಲ್ಲ ಎಂದು ಇಲ್ಲಿ ಬಹಿರಂಗವಾಗಿ ಹೇಳಿದರೆ ಐದು ವರ್ಷದವರೆಗೆ ಜೈಲಾಗಬಹುದು. 2018ರಿಂದ ಕೇಂದ್ರ ಸರ್ಕಾರದಲ್ಲಿ ಯಹೂದಿ ದ್ವೇಷ ತಡೆಯಲೆಂದೇ ಒಬ್ಬ ಆಯುಕ್ತರಿದ್ದಾರೆ. ಹಾಲೆಯ ಹಂತಕನಿಗೆ 2020ರ ಡಿಸೆಂಬರಿನಲ್ಲಿ ಜೀವಾವಧಿ ಶಿಕ್ಷೆ ಆಯಿತು. ಆದರೂ ಯಹೂದಿ ವಿರೋಧಿ ಘಟನೆಗಳ ಸಂಖ್ಯೆ ಏರುತ್ತಲೇ ಬಂದಿದೆ. ಇಂಥ ಘಟನೆಗಳನ್ನು ಬರೆದಿಡುವ 'ರಿಯಾಸ್' ಎಂಬ ಸಂಸ್ಥೆ ಇದೆ. ಪೊಲೀಸರ ಹತ್ತಿರ ಹೋಗಲು ಹಿಂಜರಿಯುವವರೂ ಅಲ್ಲಿ ಹೇಳಿಕೊಳ್ಳಬಹುದು. ಅವರ ಲೆಕ್ಕದಲ್ಲಿ 2023ರಲ್ಲಿ 4,782 ಘಟನೆ. 2024ರಲ್ಲಿ 8,627. ಬೈಗುಳದಿಂದ ಹಿಡಿದು ಕೈ ಮಾಡುವವರೆಗೆ ಎಲ್ಲಾ ಸೇರಿ, ದಿನಕ್ಕೆ ಇಪ್ಪತ್ತಮೂರಕ್ಕೂ ಜಾಸ್ತಿ.

ಯಾಕೆ ಕಡಿಮೆಯಾಗುತ್ತಿಲ್ಲ ಅಂದರೆ, ನನಗೆ ಕಾಣುವ ದೊಡ್ಡ ಕಾರಣ ಇದು: ಇಲ್ಲಿ ಎಲ್ಲರಿಗೂ ಈ ದ್ವೇಷ ಪಕ್ಕದ ಮನೆಯಲ್ಲಿ ಮಾತ್ರ ಕಾಣುತ್ತದೆ.

ಬಲಪಂಥದ ಎಎಫ್‌ಡಿ ಪಕ್ಷದವರನ್ನು ಕೇಳಿ. ಇದೆಲ್ಲಾ ಮುಸ್ಲಿಂ ವಲಸಿಗರು ತಂದ ರೋಗ ಅನ್ನುತ್ತಾರೆ. ತಾವೇ ಯಹೂದಿಗಳ ರಕ್ಷಕರು ಅನ್ನುತ್ತಾರೆ. ಇದೇ ಪಕ್ಷದ ನಾಯಕ ಅಲೆಕ್ಸಾಂಡರ್ ಗೌಲಾಂಡ್ 2018ರಲ್ಲಿ ನಾಜಿ ಕಾಲವನ್ನು ಜರ್ಮನಿಯ ಸಾವಿರ ವರ್ಷದ ಇತಿಹಾಸದ ಮೇಲೆ ಬಿದ್ದ ಹಕ್ಕಿ ಹಿಕ್ಕೆಗೆ ಹೋಲಿಸಿದರು. ಇನ್ನೊಬ್ಬ ನಾಯಕ ಬ್ಯೋರ್ನ್ ಹ್ಯೋಕೆಗೆ ನಾಜಿ ಪಡೆಯ ಘೋಷಣೆ ಕೂಗಿದ್ದಕ್ಕೆ 2024ರಲ್ಲಿ ಕೋರ್ಟು ದಂಡ ಹಾಕಿತು. ತೀರ್ಪು ಬಂದದ್ದು ಅದೇ ಹಾಲೆಯಲ್ಲಿ. ಇಷ್ಟಾದರೂ 2025ರ ಫೆಬ್ರವರಿ ಚುನಾವಣೆಯಲ್ಲಿ ಐದರಲ್ಲಿ ಒಂದು ವೋಟು ಈ ಪಕ್ಷಕ್ಕೇ ಬಿತ್ತು. ಹಾಲೆಯಲ್ಲಿ ಬಂದೂಕು ಹಿಡಿದವನು ಯಾವ ವಲಸಿಗನೂ ಅಲ್ಲ. ಇದೇ ಸೀಮೆಯ ಹುಡುಗ. ಯಹೂದಿಗಳು, ಮುಸ್ಲಿಮರು, ಸ್ತ್ರೀವಾದಿಗಳು ಎಲ್ಲರ ಮೇಲೂ ವಿಷ ಕಾರುತ್ತಿದ್ದವನು.

ಎಡಪಂಥದ ನನ್ನ ಕೆಲವು ಗೆಳೆಯರನ್ನು ಕೇಳಿದರೆ ಇದು ಪೂರ್ತಿ ಬಲಪಂಥದವರ ಕೆಲಸ. 2023ರ ಅಕ್ಟೋಬರ್ 7ರಂದು ಹಮಾಸ್ ಇಸ್ರೇಲಿನಲ್ಲಿ ಸುಮಾರು 1,200 ಜನರನ್ನು ಕೊಂದಿತು. ಅವತ್ತು ಬರ್ಲಿನ್ನಿನ ರಸ್ತೆಯೊಂದರಲ್ಲಿ ಕೆಲವರು ಸಿಹಿ ಹಂಚಿದರು. ಅದೇ ತಿಂಗಳು ಬರ್ಲಿನ್ನಿನಲ್ಲಿ ಜನ ವಾಸವಿರುವ ಮನೆಗಳ ಗೋಡೆ ಮೇಲೆ ಯಹೂದಿಗಳ ಆರು ಮೂಲೆಯ ನಕ್ಷತ್ರ ಬರೆದರು. ಇಲ್ಲಿ ಯಹೂದಿಗಳಿದ್ದಾರೆ ಎಂದು ಗುರುತು ಮಾಡಿದ ಹಾಗೆ. 18ರ ನಸುಕಿನಲ್ಲಿ ಒಂದು ಸಿನಗಾಗಿನ ಕಡೆ ಪೆಟ್ರೋಲ್ ಬಾಂಬ್ ಎಸೆದರು. ಇದನ್ನು ಎತ್ತಿದರೆ ಆ ಗೆಳೆಯರು ಮಾತು ಬದಲಿಸುತ್ತಾರೆ.

ನಮ್ಮವರನ್ನೂ ಬಿಡುವುದಿಲ್ಲ. ನಮ್ಮಲ್ಲಿ ಕಟ್ಟುನಿಟ್ಟಿನ ಹೆಡ್‌ಮಾಸ್ತರಿಗೆ ಹಿಟ್ಲರ್ ಅಂತ ಅಡ್ಡಹೆಸರು. ನನ್ನ ಹೈಸ್ಕೂಲಿನಲ್ಲೂ ಒಬ್ಬರಿದ್ದರು. ಬೆಂಗಳೂರಿನ ಫುಟ್‌ಪಾತ್ ಮೇಲೆ ಹಿಟ್ಲರನ ಆತ್ಮಕಥೆ ಸೆಲ್ಫ್-ಹೆಲ್ಪ್ ಪುಸ್ತಕಗಳ ಪಕ್ಕ ಸಿಗುತ್ತದೆ. ವಾಟ್ಸಾಪಿನಲ್ಲಿ "ಇಸ್ರೇಲ್‌ಗೆ ಜೈ" ಅನ್ನುವವರು ಬಹಳ. ಅದರಲ್ಲಿ ಎಷ್ಟೋ ಜನಕ್ಕೆ ಯಹೂದಿಗಳ ಬಗ್ಗೆ ಏನೂ ಗೊತ್ತಿಲ್ಲ. ಮುಸ್ಲಿಮರ ಮೇಲಿನ ಸಿಟ್ಟನ್ನು ಅವರು ಹಾಗೆ ಹೇಳುತ್ತಾರೆ. ನನಗೆ ಇದು ತುಂಬಾ ಬೇಜಾರಿನ ವಿಷಯ.

ಗಾಜಾ ಬಗ್ಗೆಯೂ ಹೇಳಲೇಬೇಕು. ಅಲ್ಲಿ ಹತ್ತಾರು ಸಾವಿರ ಜನ ಸತ್ತಿದ್ದಾರೆ, ಮಕ್ಕಳು ಸತ್ತಿದ್ದಾರೆ. ಅದಕ್ಕೆ ಅಳುವುದು, ಇಸ್ರೇಲ್ ಸರ್ಕಾರವನ್ನು ತರಾಟೆಗೆ ತೆಗೆದುಕೊಳ್ಳುವುದು ಖಂಡಿತ ಯಹೂದಿ ದ್ವೇಷ ಅಲ್ಲ. ಜರ್ಮನ್ ರಾಜಕಾರಣ ಎಡವುತ್ತಿರುವುದು ಇಲ್ಲೇ. 2024ರ ನವೆಂಬರಿನಲ್ಲಿ ಯಹೂದಿ ಜೀವನವನ್ನು ಕಾಪಾಡುವ ನಿರ್ಣಯ ಒಂದನ್ನು ಸಂಸತ್ತು ಪಾಸು ಮಾಡಿತು. ಇದು ಇಸ್ರೇಲನ್ನು ಟೀಕಿಸುವವರ ಬಾಯಿ ಮುಚ್ಚಿಸಬಹುದು ಎಂದು ವಕೀಲರು, ಕಲಾವಿದರು ಮಾತ್ರವಲ್ಲ, ಜರ್ಮನಿಯ ಎಷ್ಟೋ ಯಹೂದಿ ಚಿಂತಕರೂ ಹೇಳಿದರು. ಅವರ ಮಾತು ನನಗೂ ಸರಿ ಅನ್ನಿಸಿತು. ಆದರೆ ಲೈಪ್‌ಜಿಗ್‌ನ ಒಬ್ಬ ಅಜ್ಜಿ ಕೊರಳಿನ ನಕ್ಷತ್ರದ ಸರವನ್ನು ಟ್ರಾಮ್ ಹತ್ತುವ ಮೊದಲು ಸ್ವೆಟರ್ ಒಳಗೆ ಸೇರಿಸಿಕೊಳ್ಳುತ್ತಾರೆ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನೆತನ್ಯಾಹು ಮಾಡಿದ್ದಕ್ಕೆ ಆ ಅಜ್ಜಿ ಯಾಕೆ ಹೆದರಬೇಕು?

ಸರ್ಕಾರ ಮಾಡಿದ ಇನ್ನೊಂದು ಕೆಲಸ ನಮಗೆ ನೇರವಾಗಿ ಸಂಬಂಧಪಟ್ಟದ್ದು. 2024ರ ಜೂನ್‌ನಲ್ಲಿ ಪೌರತ್ವದ ಕಾನೂನು ಬದಲಾಯಿತು. ಈಗ ಜರ್ಮನ್ ಪಾಸ್‌ಪೋರ್ಟ್ ಬೇಕೆಂದರೆ ಯಹೂದಿಗಳ ರಕ್ಷಣೆಗೆ ಈ ದೇಶಕ್ಕಿರುವ ವಿಶೇಷ ಹೊಣೆಯನ್ನು ನಾವೂ ಒಪ್ಪಬೇಕು. ಪರೀಕ್ಷೆಯಲ್ಲಿ 33 ಪ್ರಶ್ನೆ, 17 ಸರಿಯಾದರೆ ಪಾಸು. ನಾನು ಓದಿಕೊಂಡ ಪಟ್ಟಿಯಲ್ಲಿ ಒಂದು ಪ್ರಶ್ನೆ ಹೀಗಿತ್ತು: ಯಹೂದಿಗಳ ಮಕಾಬಿ ಕ್ರೀಡಾ ಕ್ಲಬ್‌ಗಳಿಗೆ ಯಾರು ಸೇರಬಹುದು? ಉತ್ತರ: ಯಾರು ಬೇಕಾದರೂ. ನಮ್ಮ ಹುಡುಗರು ಈ ಪಟ್ಟಿಯನ್ನು ಸುಮ್ನೆ ಬಾಯಿಪಾಠ ಮಾಡಿ ಬರೆದು ಬರುತ್ತಾರೆ. ಹೊಸಬರಿಗೆ ಪರೀಕ್ಷೆ ಇಟ್ಟಿದ್ದಕ್ಕೆ ನನ್ನ ತಕರಾರಿಲ್ಲ. ಆದರೆ ಇಲ್ಲೇ ಹುಟ್ಟಿದವರಿಗೆ ಆ ಪರೀಕ್ಷೆ ಯಾರು ಕೊಡುತ್ತಾರೆ? ಪೊಲೀಸರ ಲೆಕ್ಕದಲ್ಲಿ 2024ರ ಯಹೂದಿ ವಿರೋಧಿ ಅಪರಾಧಗಳಲ್ಲಿ ಹತ್ತಿರ ಹತ್ತಿರ ಅರ್ಧ ಬಲಪಂಥೀಯರದ್ದು.

ಒಳ್ಳೆಯದನ್ನೂ ಹೇಳುತ್ತೇನೆ, ಯಾಕೆಂದರೆ ಅದೂ ನಿಜ. ಹಾಲೆಯ ದಾಳಿಯ ನಂತರ ಆ ಕಬಾಬ್ ಅಂಗಡಿಯ ವ್ಯಾಪಾರ ಕುಸಿಯಿತು. ಆಗ ಯಹೂದಿ ವಿದ್ಯಾರ್ಥಿಗಳ ಸಂಘ ದೇಣಿಗೆ ಎತ್ತಿ ಆ ಅಂಗಡಿಯವರಿಗೆ ಕೊಟ್ಟಿತು. ಯಾವ ಮಂತ್ರಿಯೂ ಹೇಳಿಕೊಟ್ಟದ್ದಲ್ಲ ಅದು.

ನಮ್ಮ ಬೀದಿಯಲ್ಲೂ ಒಂದು ಕೆಲಸ ನಡೆಯುತ್ತದೆ. ನಾಜಿಗಳು ಎಳೆದೊಯ್ದವರ ಮನೆ ಮುಂದೆ, ಫುಟ್‌ಪಾತಿನಲ್ಲೇ, ಅಂಗೈಯಷ್ಟು ದೊಡ್ಡ, ಹಿತ್ತಾಳೆ ತಗಡು ಹೊದಿಸಿದ ಕಲ್ಲು ಹುದುಗಿಸಿರುತ್ತಾರೆ. ಗುಂಟರ್ ಡೆಮ್ನಿಗ್ ಎಂಬ ಕಲಾವಿದರು ಶುರು ಮಾಡಿದ್ದು. ಇಲ್ಲಿ ಇದನ್ನು ಎಡವುಗಲ್ಲು ಅನ್ನುತ್ತಾರೆ. 2023ರ ಹೊತ್ತಿಗೆ ಯುರೋಪಿನಲ್ಲಿ ಇಂಥ ಒಂದು ಲಕ್ಷ ಕಲ್ಲಾಗಿತ್ತು. ನಮ್ಮ ಪಕ್ಕದ ಮನೆ ಮುಂದೆ ಮೂರಿವೆ. ಒಬ್ಬ ತಾಯಿ, ಇಬ್ಬರು ಮಕ್ಕಳು. ಚಿಕ್ಕವಳಿಗೆ ಆರು ವರ್ಷ. ಮೂರರಲ್ಲೂ ಒಂದೇ ಸಾಲು: 1942ರಲ್ಲಿ ರಿಗಾಕ್ಕೆ (ಈಗಿನ ಲಾಟ್ವಿಯಾದ ಊರು) ಸಾಗಿಸಿದರು.

1938ರ ನವೆಂಬರ್ 9ರ ರಾತ್ರಿ ಜರ್ಮನಿಯ ಸಿನಗಾಗುಗಳಿಗೆ ಬೆಂಕಿ ಬಿತ್ತು. ನಮ್ಮೂರಿನ ದೊಡ್ಡ ಸಿನಗಾಗೂ ಸುಟ್ಟುಹೋಯಿತು. ಆ ಜಾಗದಲ್ಲಿ ಈಗ ಕಂಚಿನ 140 ಖಾಲಿ ಕುರ್ಚಿಗಳಿವೆ. ಪ್ರತಿ ವರ್ಷ ಆ ದಿನ ಸಂಜೆ ಜನ ಹೊರಬಂದು ಆ ಎಡವುಗಲ್ಲುಗಳನ್ನು ಉಜ್ಜುತ್ತಾರೆ. ಮೇಲಿನ ಮಹಡಿಯ ಅಜ್ಜಿ ನನಗೆ ಇದನ್ನು ಕಲಿಸಿದವರು. ಮಂಡಿಯೂರಿ, ಪಾಲಿಶ್ ಹಚ್ಚಿ, ಹಳೆ ಬಟ್ಟೆಯಲ್ಲಿ ಗುಂಡಗೆ ತಿಕ್ಕಬೇಕು. ಅಮ್ಮ ದೀಪಾವಳಿಗೆ ಹುಣಸೆಹಣ್ಣು ಹಾಕಿ ದೀಪದ ಕಂಬ ಬೆಳಗುವ ಹಾಗೆಯೇ. ಕಪ್ಪಾದ ಹಿತ್ತಾಳೆಯಲ್ಲಿ ಮೊದಲು ಹೆಸರು ಕಾಣುತ್ತದೆ, ಆಮೇಲೆ ಇಸವಿ.

2024ರ ಅಕ್ಟೋಬರ್ 7ರ ಸುಮಾರಿಗೆ ನಮಗೆ ಹತ್ತಿರದ ತ್ಸೈಟ್ಸ್ ಎಂಬ ಊರಿನಲ್ಲಿ ಯಾರೋ ಹತ್ತೂ ಕಲ್ಲುಗಳನ್ನು ಕಿತ್ತುಕೊಂಡು ಹೋದರು. ಜನ ದುಡ್ಡು ಸೇರಿಸಿ ಹೊಸದಾಗಿ ಮಾಡಿಸಿ ಹಾಕಿದರು.

ದೊಡ್ಡಪ್ಪಾ, ಸರ್ಕಾರ ಏನು ಮಾಡುತ್ತಿದೆ ಅಂತ ಕೇಳಿದಿರಿ. ಕಾನೂನು ಮಾಡುತ್ತಿದೆ, ಕಾವಲು ಹಾಕುತ್ತಿದೆ, ಕೆಲವು ಸಲ ತಪ್ಪೂ ಮಾಡುತ್ತಿದೆ. ಮೇಲಿನ ಮಹಡಿಯ ಅಜ್ಜಿಗೆ ಈ ವರ್ಷ ಮಂಡಿ ನೋವು, ಕೆಳಗೆ ಕೂರಲು ಆಗುವುದಿಲ್ಲ. ಪಾಲಿಶ್ ಡಬ್ಬಿಯನ್ನು ತಂದು ನನ್ನ ಕೈಗೆ ಕೊಟ್ಟಿದ್ದಾರೆ. ನವೆಂಬರ್ 9ಕ್ಕೆ ಮೂರು ಕಲ್ಲೂ ನನ್ನ ಪಾಲಿಗೆ.