ಹಿಂಗಾಲಿನಿಂದ ಶುರುವಾದ ಊಟ

ಅಮೆರಿಕದ ಮನೆಗಳಲ್ಲಿ ಸಾಕುವ ಬಾಲ್ ಪೈಥಾನ್ ಎಂಬ ಸಣ್ಣ ಜಾತಿಯ ಹೆಬ್ಬಾವು ಉಣ್ಣುವುದನ್ನು ನೋಡಬೇಕು. ತುಟಿಯಂಚಿನ ಕುಳಿಗಳಿಂದಲೇ ಬಿಸಿ ಗುರುತಿಸಿ ಕತ್ತಲಲ್ಲೂ ಎರಗಬಲ್ಲ ಹಾವು, ಸತ್ತ ಇಲಿಯ ಸೊಂಟ ಕಚ್ಚಿ ಬಿಗಿಯಾಗಿ ಸುತ್ತಿಕೊಂಡು, ಆಮೇಲೆ ತಲೆ ಎಲ್ಲಿದೆ ಎಂದು ನಿಮಿಷಗಟ್ಟಲೆ ತಡಕಾಡುತ್ತದೆ. ಕೆಲವೊಮ್ಮೆ ಹಿಂಗಾಲಿನಿಂದಲೇ ನುಂಗಲು ಹೊರಟು, ಕಾಲು ಅಡ್ಡ ಸಿಕ್ಕಿ, ಬಿಟ್ಟು ಮತ್ತೆ ಮೊದಲಿನಿಂದ. ಆಗ ಸಹಾಯಕ್ಕೆ ಹೋಗಬೇಡಿ. ಬೆದರಿದರೆ ಊಟವನ್ನೇ ಬಿಡುತ್ತದೆ.

ಗುರಿ ತಪ್ಪುವುದಕ್ಕೆ ಎಷ್ಟೋ ಸಲ ತಣ್ಣಗಿನ ಇಲಿಯೇ ಕಾರಣ. ಹೆಪ್ಪುಗಟ್ಟಿದ ಇಲಿಯನ್ನು ರಾತ್ರಿಯಿಡೀ ಫ್ರಿಜ್‌ನಲ್ಲಿ ಕರಗಿಸಿ, ಜಿಪ್ ಕವರಿನಲ್ಲಿ ಹಾಕಿ ಬಿಸಿನೀರಿನಲ್ಲಿಡಿ. ಮೈ ಸುಮಾರು 38 ಡಿಗ್ರಿ, ತಲೆ ಇನ್ನೂ ತುಸು ಬೆಚ್ಚಗಿರಲಿ. ಮೈಕ್ರೋವೇವ್ ಖಂಡಿತ ಬೇಡ, ಅಲ್ಲಲ್ಲಿ ಬೆಂದು ಹೊಟ್ಟೆ ಒಡೆಯುತ್ತದೆ. ಇಲಿಯ ದಪ್ಪ ಹಾವಿನ ನಡುಮೈಯಷ್ಟಿದ್ದರೆ ಸಾಕು. 30 ಸೆಂ.ಮೀ. ಉದ್ದದ ಇಕ್ಕಳದಿಂದಲೇ ಕೊಡಿ. ಇಲಿಗಿಂತ ಕೈ ಬಿಸಿಯಾಗಿದ್ದರೆ ಹಾವು ಕೈಯನ್ನೇ ಹಿಡಿಯಬಹುದು.

ನುಂಗಿದ ಮೇಲೆ 48 ಗಂಟೆ ಎತ್ತಬೇಡಿ. ಬೆಚ್ಚಗಿನ ಮೂಲೆ 31-32 ಡಿಗ್ರಿ ಇರಲಿ, ತಣ್ಣಗಾದರೆ ಜೀರ್ಣವಾಗದೆ ಕಕ್ಕುತ್ತದೆ. ಕೈಯಿಲ್ಲ, ಅಗಿಯುವ ಹಲ್ಲಿಲ್ಲ, ಆದರೂ ತನ್ನ ತಲೆಗಿಂತ ದಪ್ಪದ ತುತ್ತು! ಆ ತಡಕಾಟ ನೋಡುವಾಗ ಮಮತೆಯೇ ಹುಟ್ಟುತ್ತದೆ. ಕೊನೆಗೆ ದೊಡ್ಡದಾಗಿ ಎರಡು ಸಲ ಆಕಳಿಸಿ, ದವಡೆಗಳನ್ನು ಸರಿಮಾಡಿಕೊಂಡು ಗೂಡಿಗೆ ಸರಿಯುತ್ತದೆ.