"ಒಂದು ಗುಟುಕು ನೀರೂ ಕುಡಿಯಂಗಿಲ್ವಾ ಮೇಡಂ?"

ರಂಜಾನ್ ಶುರುವಾಗಿ ಎರಡು ದಿನ ಕಳೆಯುವುದರೊಳಗೆ ಈ ಪ್ರಶ್ನೆ ಬಂದೇ ಬರುತ್ತದೆ. ಸ್ಟಾಫ್‌ರೂಮಿನಲ್ಲಿ ಎಲ್ಲರೂ ಊಟದ ಡಬ್ಬಿ ಬಿಚ್ಚಿರುತ್ತಾರೆ. ನಾನು ನೋಟ್‌ಬುಕ್ ತಿದ್ದುತ್ತಾ ಕೂತಿರುತ್ತೇನೆ. "ಊಟ ಬಿಡೋದು ಸರಿ ಮೇಡಂ, ನೀರೂ ಕುಡಿಯಂಗಿಲ್ವಾ?" ದಾವಣಗೆರೆಯ ಮಾರ್ಚ್ ಬಿಸಿಲಿನಲ್ಲಿ ಕೇಳುವ ಈ ಮಾತಿನಲ್ಲಿ ಕುತೂಹಲಕ್ಕಿಂತ ಕಾಳಜಿಯೇ ಜಾಸ್ತಿ. ಅದಕ್ಕೇ ಇದಕ್ಕೆ ನಿಧಾನವಾಗಿ ಉತ್ತರ ಕೊಡಬೇಕು ಅನ್ನಿಸಿತು.

ಇಲ್ಲ, ಕುಡಿಯಂಗಿಲ್ಲ. ರೋಜಾ, ಅಂದರೆ ಉಪವಾಸ, ಇದ್ದಾಗ ಬೆಳಗಿನ ಜಾವ ಫಜರ್ ನಮಾಜಿನ ಹೊತ್ತು ಶುರುವಾದಾಗಿನಿಂದ ಸೂರ್ಯ ಮುಳುಗುವ ತನಕ ಅನ್ನ ಇಲ್ಲ, ನೀರಿಲ್ಲ, ಬೀಡಿ ಸಿಗರೇಟು ಇಲ್ಲ, ಗಂಡ ಹೆಂಡತಿ ಕೂಡುವಂತಿಲ್ಲ. ನಮ್ಮೂರಲ್ಲಿ ಮಾರ್ಚ್‌ನಲ್ಲಿ ಅದು 13 ಗಂಟೆಗಿಂತ ಸ್ವಲ್ಪ ಹೆಚ್ಚು. ಆದರೆ ಇಷ್ಟು ಹೇಳಿದರೆ ನಿಯಮ ಹೇಳಿದಂತಾಯಿತು, ಅಷ್ಟೇ.

ಶನಿವಾರ ಅರ್ಧ ದಿನ ಸ್ಕೂಲು. ಬಿಸಿಲಲ್ಲಿ ಮನೆಗೆ ಬಂದು ಮಧ್ಯಾಹ್ನದ ಜೊಹರ್ ನಮಾಜಿಗೆ ವಜೂ ಮಾಡಲು ಬಚ್ಚಲಿಗೆ ಹೋಗುತ್ತೇನೆ. ವಜೂ ಅಂದರೆ ನಮಾಜಿಗೆ ಮುಂಚೆ ಕೈ, ಬಾಯಿ, ಮೂಗು, ಮುಖ, ಮೊಣಕೈವರೆಗೆ ತೋಳು ತೊಳೆದು, ಒದ್ದೆ ಕೈಯಿಂದ ತಲೆ ಸವರಿ, ಕಾಲು ತೊಳೆಯುವುದು. ಬಾಯಿಗೆ ಮೂರು ಸಲ ನೀರು ತುಂಬಿ ಮುಕ್ಕಳಿಸಬೇಕು. ರೋಜಾ ಇದ್ದಾಗ ಗಂಟಲತನಕ ಹೋಗದಂತೆ ಹುಷಾರಾಗಿರಬೇಕು. ಆ ಹೊತ್ತಿಗೆ ನಾಲಿಗೆ ಅಂಗುಳಕ್ಕೆ ಅಂಟಿರುತ್ತದೆ. ಐದು ಪಿರಿಯಡ್ ಪಾಠ ಮಾಡಿ ಗಂಟಲು ಒಣಗಿರುತ್ತದೆ. ನೀರು ಬಾಯೊಳಗೆ ಬಂದ ಕೂಡಲೇ ಇಡೀ ಮೈ ಅದನ್ನು ಒಳಗೆಳೆದುಕೊಳ್ಳಲು ನೋಡುತ್ತದೆ. ಬಚ್ಚಲ ಬಾಗಿಲು ಹಾಕಿದೆ. ಒಂದು ಗುಟುಕು ಇಳಿಸಿದರೆ ಭೂಮಿ ಮೇಲೆ ಒಬ್ಬರಿಗೂ ಗೊತ್ತಾಗುವುದಿಲ್ಲ. ಸಂಜೆ ಎಲ್ಲರ ಜೊತೆ ಕೂತು ರೋಜಾ ಮುಗಿಸಬಹುದು.

ಉಗುಳುತ್ತೇನೆ. ಮತ್ತೆ ತುಂಬಿ ಮತ್ತೆ ಉಗುಳುತ್ತೇನೆ. ಮೂರು ಸಲ.

ಇಸ್ಲಾಂ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಈ ಗಳಿಗೆ. ಬಾಗಿಲು ಹಾಕಿದ ಬಚ್ಚಲಲ್ಲೂ ನೋಡುವವನೊಬ್ಬ ಇದ್ದಾನೆ ಅನ್ನುವ ನಂಬಿಕೆಯ ಮೇಲೆ ಉಳಿದದ್ದೆಲ್ಲಾ ನಿಂತಿದೆ. "ಲಾ ಇಲಾಹ ಇಲ್ಲಲ್ಲಾಹ್, ಮುಹಮ್ಮದುರ್ ರಸೂಲುಲ್ಲಾಹ್" ಅನ್ನುವ ಕಲಿಮಾದ ಅರ್ಥ ಇಷ್ಟು: ಅಲ್ಲಾಹನ ಹೊರತು ಪೂಜೆಗೆ ಅರ್ಹರು ಯಾರೂ ಇಲ್ಲ, ಮುಹಮ್ಮದರು ಅವನು ಕಳಿಸಿದ ದೂತರು. ನಾವು ಪ್ರವಾದಿಯವರನ್ನು ಪೂಜೆ ಮಾಡುತ್ತೇವೆ ಅಂದುಕೊಂಡವರು ತುಂಬಾ ಜನ ಇದ್ದಾರೆ. ಹಾಗಿಲ್ಲ. ಅವರು ಮನುಷ್ಯರು. ಮಕ್ಕಾದಲ್ಲಿ ತಂದೆಯಿಲ್ಲದ ಮಗುವಾಗಿ ಹುಟ್ಟಿ, ವ್ಯಾಪಾರ ಮಾಡಿಕೊಂಡಿದ್ದವರು. ಸುಮಾರು 40ನೇ ವಯಸ್ಸಿಗೆ, ಕ್ರಿ.ಶ. 610ರಲ್ಲಿ, ಹಿರಾ ಗುಹೆಯಲ್ಲಿ ಕುರಾನಿನ ಮೊದಲ ಸಾಲುಗಳು ಅವರಿಗೆ ಇಳಿದವು. ಅದು ರಂಜಾನ್ ತಿಂಗಳು. ಈ ತಿಂಗಳಿಗೇ ಯಾಕಿಷ್ಟು ಮಹತ್ವ ಅನ್ನುವುದಕ್ಕೆ ಉತ್ತರ ಅದೇ. ಇಬ್ರಾಹಿಂ, ಮೂಸಾ, ಈಸಾ ಎಲ್ಲರೂ ನಮಗೆ ಪ್ರವಾದಿಗಳೇ. ಈಸಾ ಅಂದರೆ ಯೇಸು, ಅವರ ತಾಯಿ ಮರ್ಯಮರ ಹೆಸರಿನಲ್ಲಿ ಕುರಾನಿನಲ್ಲಿ ಒಂದು ಇಡೀ ಅಧ್ಯಾಯವೇ ಇದೆ ಅಂದಾಗ ನಮ್ಮ ಸ್ಕೂಲಿನ ಕ್ರಿಶ್ಚಿಯನ್ ಹುಡುಗಿಯೊಬ್ಬಳು "ನಿಜವಾಗ್ಲೂ ಮಿಸ್?" ಅಂತ ಮೂರು ಸಲ ಕೇಳಿದ್ದಳು.

ನೀರಿಗೆ ವಾಪಸ್ ಬರುತ್ತೇನೆ. ನನ್ನ ಮೊದಲ ರೋಜಾ ದಿನ ಮಧ್ಯಾಹ್ನ ಆಟ ಆಡಿ ಬಂದವಳು ಮಡಕೆಯಿಂದ ಎರಡು ಲೋಟ ನೀರು ಗಟಗಟ ಕುಡಿದುಬಿಟ್ಟೆ. ಲೋಟ ಬೋರಲು ಹಾಕುವಾಗ ನೆನಪಾಯಿತು. ಬಾಯಿಗೆ ಬೆರಳು ಹಾಕಿಕೊಂಡು ಕಕ್ಕಲು ನೋಡಿದೆ, ಅತ್ತುಬಿಟ್ಟೆ. ದಾದಿ, ಅಂದರೆ ಅಪ್ಪನ ಅಮ್ಮ, ಬಂದು ಸೆರಗಿನಿಂದ ಮುಖ ಒರೆಸಿದರು. "ಮರೆತು ಕುಡಿದಿದ್ದಲ್ವಾ ಬೇಟಾ? ಅದು ಅಲ್ಲಾಹ್ ಕುಡಿಸಿದ್ದು. ರೋಜಾ ಮುಂದುವರಿಸು" ಅಂದರು. ಸುಮ್ನೆ ಸಮಾಧಾನಕ್ಕೆ ಹೇಳುತ್ತಿದ್ದಾರೆ ಅಂದುಕೊಂಡಿದ್ದೆ. ದೊಡ್ಡವಳಾದ ಮೇಲೆ ಗೊತ್ತಾಯಿತು, ಅದು ದಾದಿಯ ಮಾತಲ್ಲ, ಪ್ರವಾದಿಯವರ ಮಾತು.

ಯೋಚನೆ ಮಾಡಿ ನೋಡಿ. ಮರೆತು ಎರಡು ಲೋಟ ಕುಡಿದರೂ ರೋಜಾ ಮುರಿಯುವುದಿಲ್ಲ. ಗೊತ್ತಿದ್ದೂ ಒಂದು ಹನಿ ನುಂಗಿದರೆ ಮುರಿಯುತ್ತದೆ. ಹಾಗಾದರೆ ಲೆಕ್ಕ ಇರುವುದು ನೀರಿನದಲ್ಲ, ಮನಸ್ಸಿನದು. ಮನಸ್ಸಿನ ಈ ಸಂಕಲ್ಪಕ್ಕೆ ನಮ್ಮಲ್ಲಿ ನಿಯ್ಯತ್ ಅನ್ನುತ್ತಾರೆ. ಹದೀಸ್ ಅಂದರೆ ಪ್ರವಾದಿಯವರ ಮಾತು, ನಡೆಗಳ ವರದಿ. ಬುಖಾರಿ ಹದೀಸ್ ಸಂಗ್ರಹ ಶುರುವಾಗುವುದೇ ಈ ಮಾತಿನಿಂದ: ಕೆಲಸಗಳು ನಿಂತಿರುವುದು ನಿಯ್ಯತ್ತಿನ ಮೇಲೆ. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಸಹರಿಗೆ ಮೊಸರನ್ನ, ಬಾಳೆಹಣ್ಣು ತಿನ್ನುವಾಗ ಇವತ್ತು ಅಲ್ಲಾಹನಿಗಾಗಿ ರೋಜಾ ಇರುತ್ತೇನೆ ಅಂತ ಮನಸ್ಸಿನಲ್ಲಿ ಇರಬೇಕು. ಅದಿಲ್ಲದೆ ಇಡೀ ದಿನ ಹಸಿದುಕೊಂಡಿದ್ದರೆ ಅದು ಬರೀ ಹಸಿವು. ಇನ್ನೊಂದು ಹದೀಸ್ ಇನ್ನೂ ಖಡಕ್ಕಾಗಿದೆ: ಸುಳ್ಳು ಬಿಡದವನು ಅನ್ನ ನೀರು ಬಿಡುವುದು ಅಲ್ಲಾಹನಿಗೆ ಬೇಕಾಗಿಲ್ಲ.

ಹಾಗಂತ ಜೀವ ಒತ್ತೆಯಿಟ್ಟು ಮಾಡುವ ಆಚರಣೆ ಇದಲ್ಲ. ಕಾಯಿಲೆಯವರು, ಪ್ರಯಾಣದಲ್ಲಿರುವವರು ಬಿಟ್ಟು ಆಮೇಲೆ ಹಿಡಿಯಬಹುದು. ತಮಗೋ ಮಗುವಿಗೋ ತೊಂದರೆಯಾದೀತು ಅನ್ನುವ ಬಸುರಿಯರು, ಬಾಣಂತಿಯರೂ ಬಿಡಬಹುದು. ಇನ್ನು ಯಾವತ್ತೂ ಆಗದು ಅನ್ನುವ ವಯಸ್ಸಾದವರು ಒಂದೊಂದು ರೋಜಾಕ್ಕೆ ಒಬ್ಬ ಬಡವರಿಗೆ ಊಟ ಕೊಟ್ಟರಾಯಿತು. "ಅಲ್ಲಾಹ್ ನಿಮಗೆ ಸುಲಭವನ್ನು ಬಯಸುತ್ತಾನೆ, ಕಷ್ಟವನ್ನಲ್ಲ" ಅಂತ ರೋಜಾ ಬಗ್ಗೆ ಹೇಳುವ ಕುರಾನಿನ ಆಯತ್ತಿನಲ್ಲೇ (ವಾಕ್ಯದಲ್ಲೇ) ಇದೆ. ಮುಟ್ಟಿನ ದಿನಗಳಲ್ಲಿ ಹೆಂಗಸರಿಗೆ ರೋಜಾನೂ ಇಲ್ಲ, ನಮಾಜೂ ಇಲ್ಲ. ಬಿಟ್ಟ ರೋಜಾ ಆಮೇಲೆ ತುಂಬಿಸಬೇಕು, ನಮಾಜು ಮಾಫಿ. ಇದನ್ನು ಯಾಕೆ ಬಿಡಿಸಿ ಹೇಳುತ್ತಿದ್ದೇನೆ ಅಂದರೆ, ರಂಜಾನ್ ಮಧ್ಯೆ ನಾನು ನೀರು ಕುಡಿಯುವುದನ್ನು ಕಂಡು "ಏನ್ ಮೇಡಂ, ಇವತ್ತು ರೋಜಾ ಇಲ್ವಾ?" ಅಂತ ಎಲ್ಲರ ಎದುರಿಗೆ ಕೇಳುವವರು ಇದ್ದಾರೆ. ದಯವಿಟ್ಟು ಯಾವ ಹೆಣ್ಣುಮಗಳಿಗೂ ಹಾಗೆ ಕೇಳಬೇಡಿ.

ಕಲಿಮಾ, ದಿನಕ್ಕೆ ಐದು ಹೊತ್ತು ನಮಾಜ್, ರೋಜಾ, ಜಕಾತ್, ಹಜ್, ಇವು ಇಸ್ಲಾಮಿನ ಐದು ಕಂಬಗಳು ಅಂತ ಎಲ್ಲರೂ ಕೇಳಿರುತ್ತೀರಿ. ಜಕಾತಿನ ಬಗ್ಗೆ ಎರಡು ಮಾತು ಹೇಳಲೇಬೇಕು. ನಮ್ಮ ಮನೆಯಲ್ಲಿ ಅನುಸರಿಸುವ ಹನಫಿ ಪದ್ಧತಿಯಲ್ಲಿ ಏಳೂವರೆ ತೊಲ ಚಿನ್ನ ಅಥವಾ ಐವತ್ತೆರಡೂವರೆ ತೊಲ ಬೆಳ್ಳಿಯಷ್ಟು ಆಸ್ತಿ ಒಂದು ಚಾಂದ್ರಮಾನ ವರ್ಷ ಕೈಯಲ್ಲಿದ್ದರೆ ಅದರಲ್ಲಿ ನೂರಕ್ಕೆ ಎರಡೂವರೆ ಭಾಗ ಕೊಡಬೇಕು. ಲಕ್ಷಕ್ಕೆ 2,500 ರೂಪಾಯಿ. ಮೈಮೇಲಿನ ಒಡವೆಯೂ ಲೆಕ್ಕಕ್ಕೆ ಬರುತ್ತದೆ. ಅಮ್ಮಿ ಪ್ರತಿ ರಂಜಾನಿಗೆ ಬಳೆ ಬಿಚ್ಚಿ ತೂಕ ಹಾಕಿಸುತ್ತಾರೆ. ದಾನ ಅಂದರೆ ಒಪ್ಪುವುದಿಲ್ಲ. "ಅದು ಅವರ ಪಾಲು, ನನ್ನ ಹತ್ತಿರ ಇತ್ತು ಅಷ್ಟೇ" ಅನ್ನುತ್ತಾರೆ. ಕೊಡುವಾಗ ಜಕಾತ್ ಅನ್ನುವ ಮಾತೂ ಬಾಯಲ್ಲಿ ಬರುವುದಿಲ್ಲ. ಹೇಳಲೇಬೇಕು ಅಂತೇನೂ ಇಲ್ಲ. ಮಕ್ಕಳಿಗೆ ಈದ್ ಬಟ್ಟೆಗೆ ಇರಲಿ ಅಂತ ಕವರ್ ಕೈಗಿಟ್ಟು ಬಂದುಬಿಡುತ್ತಾರೆ. ಇಲ್ಲೂ ಹಾಗೇ, ನಿಯ್ಯತ್ ಅವರೊಳಗಿರುತ್ತದೆ.

ಹಜ್, ಅಂದರೆ ಮಕ್ಕಾ ಯಾತ್ರೆ, ಶಕ್ತಿಯಿದ್ದವರಿಗೆ ಜೀವನದಲ್ಲಿ ಒಂದು ಸಲ. ನಾನಿನ್ನೂ ಹೋಗಿಲ್ಲ. ಅಲ್ಲಿ ಸಫಾ, ಮರ್ವಾ ಅನ್ನುವ ಎರಡು ಗುಡ್ಡಗಳ ನಡುವೆ ಏಳು ಸಲ ನಡೆಯುತ್ತಾರೆ. ಮರಳುಗಾಡಿನಲ್ಲಿ ಬಾಯಾರಿ ಅಳುವ, ಪ್ರವಾದಿ ಇಬ್ರಾಹಿಮರ ಕೂಸು ಇಸ್ಮಾಯಿಲ್‌ಗಾಗಿ ತಾಯಿ ಹಾಜಿರಾ ನೀರು ಹುಡುಕಿ ಓಡಿದ ದಾರಿ ಅದು. ಆಗ ಚಿಮ್ಮಿದ್ದೇ ಜಮ್‌ಜಮ್ ಬುಗ್ಗೆ. ಒಬ್ಬ ತಾಯಿ ನೀರಿಗಾಗಿ ಪಟ್ಟ ಪಾಡನ್ನು ಇವತ್ತಿಗೂ ಲಕ್ಷಾಂತರ ಜನ ಗಂಡಸರು, ಹೆಂಗಸರು ಅದೇ ಜಾಗದಲ್ಲಿ ನಡೆದು ನೆನೆಯುತ್ತಾರೆ ಅನ್ನುವುದು ನನಗೆ ತುಂಬಾ ಹತ್ತಿರದ ವಿಷಯ.

ಇನ್ನು, ನಿಮ್ಮ ಎದುರು ನಾವು ಊಟ ಮಾಡಬಹುದಾ ಅಂತ ಕೇಳುತ್ತೀರಲ್ಲ, ಖಂಡಿತ ಮಾಡಿ. ಡಬ್ಬಿ ಎತ್ತಿಕೊಂಡು ಹೊರಗೆ ಹೋದರೆ ನನಗೇ ಬೇಜಾರು.

ಸಂಜೆ ಆರೂಕಾಲಿಗೆ ನಮ್ಮ ಮನೆಯಲ್ಲಿ ದಸ್ತರ್‌ಖಾನ್, ಅಂದರೆ ಊಟಕ್ಕೆ ಹಾಸುವ ಬಟ್ಟೆ, ಹಾಸುತ್ತೇವೆ. ಖರ್ಜೂರ, ಕಲ್ಲಂಗಡಿ ಹೋಳು, ಬಜ್ಜಿ, ಸಾಲಾಗಿ ನೀರಿನ ಲೋಟಗಳು. ಮಡಕೆ ನೀರಿನ ತಂಪಿಗೆ ಸ್ಟೀಲ್ ಲೋಟದ ಹೊರಗೆ ಸಣ್ಣಗೆ ಹನಿಗಟ್ಟಿರುತ್ತದೆ. ಸೂರ್ಯ ಮುಳುಗಿದಾಗ ಕೂಗುವ ಮಗ್ರಿಬ್ ಅಜಾನಿಗೆ ಇನ್ನೂ ಎರಡು ನಿಮಿಷ ಇರುತ್ತದೆ. ಯಾರೂ ಮಾತಾಡುವುದಿಲ್ಲ. ಆರು ವರ್ಷದ ನನ್ನ ಮಗಳಿಗೆ ರೋಜಾ ಇಲ್ಲ, ಚಿಕ್ಕ ಮಕ್ಕಳಿಗೆ ಅದು ಕಡ್ಡಾಯವೂ ಅಲ್ಲ. ಬೆಳಗಿನಿಂದ ಬೇಕಾದಷ್ಟು ನೀರು ಕುಡಿದಿರುತ್ತಾಳೆ. ಆದರೂ ಅಜ್ಜಿ ಪಕ್ಕ ಕೂತು, ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅಜಾನ್ ಆಗುವ ತನಕ ತುಟಿಗೆ ತಾಗಿಸುವುದಿಲ್ಲ.